ಮುದ್ದಯ್ಯನ ಬಿಲ್ಲೆ

ಬನ್ರೋ, ಕೂತ್ಕೊಳ್ಳಿ. ಪೆದ್ದನ ಕತೆ ಹೇಳ್ತೀನಿ. ಈಗ್ಲೇ ಹಲ್ಲು ಕಿರೀಬೇಡಿ, ನಗೋದಕ್ಕೆ ಮುಂದೆ ಬೇಕಾದಷ್ಟಿದೆ. ಕೊನೇಲಿ ನಗು ಬರದೇ ಹೋದ್ರೆ ಮಾತ್ರ ನನ್ನ ಬೈಬೇಡಿ.

ಪೊಲೀಸ್ ಲೈನಿನಲ್ಲಿ ಸಾಕಮ್ಮ ಅಂತ ಒಬ್ಬಳಿದ್ಲು. ಅವಳಿಗೊಬ್ಬ ಮಗ, ಚಿಕ್ಕೀರ. ಆಳು ಬಾಗಿಲೆತ್ತರ, ಬುದ್ಧಿ ಕೈಕೂಸಿನಷ್ಟು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಆಚೆ ಇಲ್ಲ, ಈಚೆ ಇಲ್ಲ. ಅವಳ ಗಂಡ ಮುದ್ದಯ್ಯ ಪೊಲೀಸ್ನೋರ ಬಂದೂಕು ಇಡೋ ಆರ್ಮರೀಲಿ ಪಿಸ್ತೂಲು ರಿಪೇರಿ ಮಾಡ್ತಿದ್ದ. ಯಾರೋ ಪುಣ್ಯಾತ್ಮ "ಖಾಲಿ ಇದೆ" ಅಂತ ಕೊಟ್ಟ ಪಿಸ್ತೂಲಲ್ಲಿ ಒಂದು ಗುಂಡು ಉಳಿದಿತ್ತು. ಬೆಳಿಗ್ಗೆ ಹೋದೋನು ಜೀವಂತ ಬರ್ಲಿಲ್ಲ. ಅವನ ಹಿತ್ತಾಳೆ ಬಿಲ್ಲೆ ತಂದು ಹೆಂಡತಿ ಕೈಗಿಟ್ರು.

ಬಿಲ್ಲೆ ಅಂದ್ರೆ ಗೊತ್ತೇನ್ರೋ? ಆರ್ಮರಿ ಕಿಟಕೀಲಿ ಬಿಲ್ಲೆ ಕೊಟ್ರೆ ಒಳಗಿಂದ ನಿಮ್ಮ ಪಿಸ್ತೂಲು ಕೊಡ್ತಾರೆ. ಸಾಯಂಕಾಲ ಪಿಸ್ತೂಲು ಒಳಗೆ ಕೊಟ್ರೆ ನಿಮ್ಮ ಬಿಲ್ಲೆ ವಾಪಸ್. ಸಾಕಮ್ಮ ಆ ಬಿಲ್ಲೇನ ದಾರ ಪೋಣಿಸಿ ಕೊರಳಿಗೆ ಕಟ್ಕೊಂಡು ಅಳೋಳು. "ನನ್ನ ಗಂಡನ್ನ ಒಳಗೆ ಇಟ್ಕೊಂಡು ನನಗೆ ಈ ಬಿಲ್ಲೆ ಕೊಟ್ರಲ್ಲಪ್ಪಾ!" ಚಿಕ್ಕೀರ ಪಕ್ಕದಲ್ಲೇ ಕೂತು ಕೇಳಿಸ್ಕೊಳ್ಳೋನು.

ವರ್ಷ ತುಂಬೋಕೆ ಬಂತು. ಆರ್ಮರಿ ಮೇಸ್ತ್ರಿ ಬೋರಲಿಂಗಯ್ಯ ಮನೆಗೆ ಬಂದ.

"ಸಾಕವ್ವ, ಪಿಸ್ತೂಲು ರಿಪೇರಿ ಟ್ರೈನಿಂಗು ಸೋಮವಾರ ಶುರು. ಮಗನ್ನ ಸೇರ್ಸು. ಅಪ್ಪನ ಕೆಲಸ ಸಿಗುತ್ತೆ, ಕ್ವಾರ್ಟರ್ಸೂ ಉಳಿಯುತ್ತೆ. ಇಲ್ದಿದ್ರೆ ಮನೆ ಬಿಡ್ಬೇಕಾಗುತ್ತೆ ತಾಯಿ."

ಕಳಿಸಿದ್ರೆ ಮಗ ಹೋದಾನು, ಕಳಿಸದಿದ್ರೆ ಸೂರು ಹೋದೀತು. ಏನು ಮಾಡ್ತಾಳೆ ಪಾಪ? "ಮೊದ್ಲು ಮನೇಲಿ ಕಲಿಸಿ ನೋಡ್ತೀನಿ, ಆಮೇಲೆ ಹೇಳ್ತೀನಿ" ಅಂದ್ಲು.

"ಮಗಾ, ನಿಮ್ಮಪ್ಪ ಹೇಳ್ತಿದ್ದ ಪಾಠ ಇದು. ಕೈಗೆ ಏನು ಬಂದ್ರೂ ಮೊದ್ಲು ಖಾಲಿ ಮಾಡು!"

"ಆಗ್ಲಿ ಕಣವ್ವ!"

ಹಾಲು ತರೋಕೆ ಕಳಿಸಿದ್ಲು. ಹಾಲಿನೋಳು ಚೊಂಬು ತುಂಬ ಅಳೆದು ಕೈಗೆ ಕೊಟ್ಲು. ಕೈಗೆ ಬಂತಲ್ಲ! ಮೋರಿಗೆ ಸುರಿದು, ಚೊಂಬು ಬೋರಲು ಹಾಕಿ, ತಟ್ಟಿ ನೋಡ್ಕೊಂಡು ಮನೆಗೆ ಬಂದ.

"ಹಾಲೆಲ್ಲೋ?"

"ಖಾಲಿ ಮಾಡ್ದೆ ಕಣವ್ವ!"

"ಅಯ್ಯೋ ಮಂಕು ಮುಂಡೇದೆ! ತುಂಬಿದ್ದು ಕಂಡ್ರೆ ಮುಟ್ಟಬಾರ್ದು, ದೂರ ನಿಂತು ದೊಡ್ಡೋರನ್ನ ಕೂಗಬೇಕು!"

"ಆಗ್ಲಿ ಕಣವ್ವ!"

ಮಾರನೇ ದಿನ ಬೀದಿ ನಲ್ಲೀಲಿ ಬಿಂದಿಗೆ ಇಟ್ಟ. ಬಿಂದಿಗೆ ತುಂಬ್ತು. ತುಂಬಿದ್ದು ಮುಟ್ಟಬಾರ್ದಲ್ಲ! ಬೇವಿನ ಮರದ ಹತ್ರ ಓಡಿ ನಿಂತು "ತುಂಬಿದೆ! ತುಂಬಿದೆ! ಯಾರೂ ಹತ್ರ ಬರ್ಬೇಡಿ!" ಅಂತ ಬೊಬ್ಬೆ ಹಾಕ್ದ. ಹೆಂಗಸ್ರು ಬಾಂಬು ಅಂದ್ಕೊಂಡು ಕೊಡ ಬಿಸಾಕಿ ಓಡಿದ್ರು. ನೀರೆಲ್ಲ ಬೀದಿ ಪಾಲು. ನಗ್ರಪ್ಪ ನಗ್ರಿ, ಲೈನಿನೋರೂ ಹಿಂಗೇ ನಕ್ರು. ಸಾಕಮ್ಮ ಒಬ್ಳು ನಗ್ಲಿಲ್ಲ.

"ಥೂ! ಹಿಂಗೆ ದೂರ ನಿಂತ್ರೆ ಕೆಲಸ ಕಲಿಯೋದು ಹೆಂಗೋ? ನಿಮ್ಮಪ್ಪ ಏನೇ ಕೈಗೆ ಸಿಗ್ಲಿ, ಬಿಚ್ಚೋನು, ಸೀಮೆಎಣ್ಣೆ ಹಾಕೋನು, ಬಟ್ಟೆ ತಗೊಂಡು ತಿಕ್ಕಿ ತಿಕ್ಕಿ ಒರೆಸೋನು!"

"ಆಗ್ಲಿ ಕಣವ್ವ!"

ಮುದ್ದಯ್ಯನ ವರ್ಷದ ತಿಥಿ ಬಂತು. "ಅಪ್ಪನ ಫೋಟೋ ಧೂಳು ಹಿಡಿದದೆ, ಚೊಕ್ಕಟ ಮಾಡು" ಅಂದು ಅಡುಗೆಗೆ ಕೂತ್ಲು. ಇದ್ದದ್ದು ಅದೊಂದೇ ಫೋಟೋ. ಚಿಕ್ಕೀರ ಬಿಚ್ಚಿದ, ಸೀಮೆಎಣ್ಣೆ ಹಾಕ್ದ, ತಿಕ್ಕಿ ತಿಕ್ಕಿ ಒರೆಸ್ದ.

"ಅವ್ವಾ, ಧೂಳೆಲ್ಲ ಹೋಯ್ತು! ಅಪ್ಪನೂ ಹೋದ!"

ಸಾಕಮ್ಮ ಓಡಿ ಬಂದು ನೋಡಿದ್ಲು. ಆ ಬಿಳೀ ಕಾಗದಕ್ಕೇ ಕುಂಕುಮ ಇಟ್ಟು, ಹೂವು ಹಾಕಿ, ಎಡೆ ಇಟ್ಟು ಅತ್ಲು.

ಭಾನುವಾರ ಬೋರಲಿಂಗಯ್ಯ ಮತ್ತೆ ಬಂದ. "ಗುಂಡಿನ ಹತ್ರ ಬಿಡಲ್ಲ ಸಾಕವ್ವ, ನನ್ನ ಪಕ್ಕದಲ್ಲೇ ಕೂರಿಸ್ಕೋತೀನಿ." ಇನ್ನೆಲ್ಲಿಗೆ ಹೋಗ್ತಾಳೆ? ಸರಿ ಅಂದ್ಲು.

ಸೋಮವಾರ ತಲೆ ಬಾಚಿ, ಗಂಡನ ಬಿಲ್ಲೇನ ಮಗನ ಕೊರಳಿಗೆ ಕಟ್ಟಿದ್ಲು.

"ಅಪ್ಪನ ಆಶೀರ್ವಾದ ಅಂದ್ಕೋ. ಅಲ್ಲಿ ಸುಮ್ಸುಮ್ನೆ ಏನೂ ಮುಟ್ಬೇಡ. ಕಿಟಕೀಲಿ ಬಿಲ್ಲೆ ಕೊಡು, ನಮಗೆ ಬರ್ಬೇಕಾದ್ದನ್ನ ಕೇಳಿ ಇಸ್ಕೋ. ಅಷ್ಟೇ!"

"ಆಗ್ಲಿ ಕಣವ್ವ!"

ಅವಳು ಗೇಟಿನ ಹತ್ರ ನಿಂತ್ಲು. ಅವನು ಕಿಟಕಿಗೆ ಹೋಗಿ ಬಿಲ್ಲೆ ಬಿಚ್ಚಿಟ್ಟ.

"ಸ್ವಾಮಿ, ಬಿಲ್ಲೆ ತಂದಿದೀನಿ. ನಮ್ಮಪ್ಪನ್ನ ಕೊಡಿ."

ಬೋರಲಿಂಗಯ್ಯ ತಲೆ ಎತ್ತಿದ. "ಏನಂದೆ?"

"ನಮ್ಮಪ್ಪ, ಮುದ್ದಯ್ಯ. ಒಳಗೆ ಇಟ್ಕೊಂಡಿದೀರಲ್ಲ. ಬಿಲ್ಲೆ ನೋಡಿ ಸ್ವಾಮಿ, ನಿಮ್ದೇ."

ಸಾಲಲ್ಲಿ ನಿಂತ ಪೊಲೀಸ್ನೋರು ಕಿಸಕ್ಕಂತ ನಕ್ಕು, ಹಂಗೇ ತಲೆ ತಗ್ಗಿಸಿದ್ರು. ಬೋರಲಿಂಗಯ್ಯ ಮುಖ ಆಚೆ ತಿರುಗಿಸ್ಕೊಂಡು ಮೂಗು ಒರೆಸ್ಕೊಂಡ. "ಇದು ಹಳೇ ಬಿಲ್ಲೆ ಕಣಪ್ಪ, ನಡೆಯಲ್ಲ. ಇದು ತಗೋ, ನಿಂದು" ಅಂತ ಹೊಸ ಬಿಲ್ಲೆ ಜೊತೆ ಹಳೇದನ್ನೂ ವಾಪಸ್ ಕೊಟ್ಟ.

ಚಿಕ್ಕೀರ ಗೇಟಿಗೆ ಓಡಿ ಬಂದ.

"ಅವ್ವಾ! ಹಳೇದು ನಡೆಯಲ್ವಂತೆ! ಅಪ್ಪನ್ನ ಬಿಡಿಸ್ಕೊಳ್ಳೋಕೆ ನೀನು ತಡ ಮಾಡ್ಬಿಟ್ಟೆ ಕಣವ್ವ! ಇಗೋ, ಇದು ನಂದು. ಇಟ್ಕೋ. ನಾನು ಒಳಗೇ ಉಳಿದ್ರೆ ಬೇಗ ತಂದು ಕೊಟ್ಟು ಬಿಡಿಸ್ಕೋ. ತಡ ಮಾಡ್ಬೇಡ, ಆಯ್ತಾ?"

ಸಾಕಮ್ಮನ ಎದೆ ಒಡೆದು ಹೋಯ್ತು. ಎರಡೂ ಬಿಲ್ಲೆ ಇಸ್ಕೊಂಡ್ಲು, ಸೀದಾ ಕಿಟಕಿಗೆ ಹೋಗಿ ಇಟ್ಲು.

"ಮೇಸ್ತ್ರಿಗಳೇ, ಟ್ರೈನಿಂಗು ಬೇಡ. ಮನೆ ಬಿಡ್ತೀನಿ. ನನ್ನ ಮಗನ್ನ ಕರ್ಕೊಂಡು ಹೋಗ್ತೀನಿ."

ಅವಳು ಮಗನ ಕೈ ಹಿಡ್ಕೊಂಡು ಹೊರಟ್ಲು. ಗೇಟು ದಾಟೋವಾಗ ಚಿಕ್ಕೀರ ನಿಂತ.

"ಅವ್ವ, ಬಿಲ್ಲೆ ಕೊಟ್ಟು ಏನು ಇಸ್ಕೊಂಡೆ?"

"ನಿನ್ನ ಇಸ್ಕೊಂಡೆ ಕಣೋ ಮಗಾ, ನಿನ್ನ!"

ಚಿಕ್ಕೀರ ಬೆರಳು ಮಡಚಿ ಮಡಚಿ ನೋಡ್ದ. ಕಣ್ಣು ಇಷ್ಟಗಲ ಆಯ್ತು.

"ಅಯ್ಯೋ ಪೆದ್ದವ್ವ! ಎರಡು ಬಿಲ್ಲೆ ಕೊಟ್ಟು ಒಬ್ಬನ್ನೇ ಇಸ್ಕೊಂಡು ಹೋಗ್ತಿದೀಯಲ್ಲ! ಇನ್ನೊಬ್ರು ಒಳಗೇ ಉಳಿದ್ರು!"

ಅಂದವನೇ ಕೈ ಕೊಸರ್ಕೊಂಡು, "ಅಪ್ಪಾ, ಬಂದೆ ಇರು!" ಅಂತ ಮತ್ತೆ ಕಿಟಕಿ ಕಡೆ ಓಡ್ದ.