ಮರದ ಮೇಲಿನ ವೈದ್ಯ

ಕಾಡಿನಲ್ಲಿ ಮುಸುವ ಕೋತಿಯೊಂದು ವೈದ್ಯನೆಂದು ಹೆಸರಾಗಿತ್ತು. ಒಂದು ದಿನ ಜಿಂಕೆಯೂ ಕಾಡುಹಂದಿಯೂ ಮುಖ ಊದಿಕೊಂಡ ತಮ್ಮ ಮರಿಗಳನ್ನು ಅದರ ಅತ್ತಿಮರದ ಬುಡಕ್ಕೆ ಕರೆತಂದವು.

ಮುಸುವ ಕೊಂಬೆಯಿಂದಲೇ ನೋಡಿ, "ಎರಡಕ್ಕೂ ಮೂತ್ರಪಿಂಡದ ಊತ. ಒಂದೇ ಕಷಾಯ ಸಾಕು. ನೀರು ಚೆನ್ನಾಗಿ ಕುಡಿಸಿ," ಎಂದಿತು.

"ನನ್ನ ಮರಿಯ ಮೂತ್ರ ನೊರೆನೊರೆಯಾಗಿದೆ, ವೈದ್ಯರೇ," ಎಂದಿತು ಜಿಂಕೆ.

"ನನ್ನ ಮರಿಯದು ರಕ್ತದಂತೆ ಕೆಂಪಗಿದೆ, ತೊಟ್ಟು ತೊಟ್ಟಾಗಿ ಬರುತ್ತಿದೆ. ದಯವಿಟ್ಟು ಇಳಿದು ನೋಡಿ," ಎಂದಿತು ಹಂದಿ.

"ಮೂತ್ರ ನೋಡುವುದು ನನ್ನ ಘನತೆಗೆ ತಕ್ಕದ್ದಲ್ಲ," ಎಂದಿತು ಮುಸುವ.

ಮುಸುವ ಹೇಳಿದಂತೆ ಹಂದಿ ತನ್ನ ಮರಿಗೆ ಚೆನ್ನಾಗಿ ನೀರು ಕುಡಿಸಿತು. ಮರುದಿನ ಮರಿ ಸೆಳೆತ ಬಂದು ಸತ್ತಿತು. ತಾಯಿಹಂದಿ ಅಳಲಿಲ್ಲ. ನೇರವಾಗಿ ಬಂದು ಅತ್ತಿಮರದ ಬುಡವನ್ನು ಅಗೆಯತೊಡಗಿತು. ಮರ ವಾಲಿದಾಗ ಮುಸುವ ಕೆಳಗಿಳಿದು, ಬುಡದಲ್ಲೇ ತಾಯಿಯೊಂದಿಗೆ ಇದ್ದ ಜಿಂಕೆಮರಿಯ ಮೂತ್ರವನ್ನು ನೋಡಿತು.

"ಇದರ ರೋಗ ಬೇರೆ. ಮೂತ್ರಪಿಂಡದ ಜರಡಿ ಸಡಿಲವಾಗಿ ಮೈಯ ಸತ್ವವೆಲ್ಲ ಸೋರುತ್ತಿದೆ. ಇದಕ್ಕೆ ಬೇರೆ ಮದ್ದು ಕೊಡುತ್ತೇನೆ. ಹಂದಿಯೇ, ನಿನ್ನ ಮರಿಗೆ ಜರಡಿಯೇ ಉರಿಯೂತದಿಂದ ಕೆಟ್ಟು ರಕ್ತ ಬರುತ್ತಿತ್ತು. ಕುಡಿದ ನೀರು ಹೊರಹೋಗದೆ ರಕ್ತದೊತ್ತಡ ಏರಿ ಸೆಳೆತ ಬಂತು. ನೀರು, ಉಪ್ಪು ಎರಡನ್ನೂ ತಡೆಯಬೇಕಿತ್ತು."

"ಇದು ನಿನ್ನೆ ನಿನಗೆ ಗೊತ್ತಿರಲಿಲ್ಲವೇ?" ಎಂದು ಹಂದಿ ಕೇಳಿತು.

"ಗೊತ್ತಿತ್ತು," ಎಂದಿತು ಮುಸುವ.

ಹಂದಿ ಉಳಿದ ಬೇರನ್ನೂ ಕಿತ್ತು ಮರವನ್ನು ಕೆಡವಿತು.

"ಇನ್ನು ನೆಲದ ಮೇಲೆ ಕೂತು ವೈದ್ಯ ಮಾಡು," ಎಂದಿತು.