ಬಿಳಿ ದೀಪದ ಅಭಿಮಾನಿಗಳು

ಗಜಾನನ ಶಾನಭಾಗರು ಮೀನಿನ ಜೊತೆ ಜೀವಂತ ಹವಳ ಸಾಕಿದ್ದ ತಮ್ಮ ಪುಟ್ಟ ಗಾಜಿನ ತೊಟ್ಟಿಗೆ ಕೈಯಾರೆ ಎಲ್‌ಇಡಿ ದೀಪ ಕಟ್ಟಿದರು. ಅಲ್ಯೂಮಿನಿಯಂ ಪಟ್ಟಿಯ ಮೇಲೆ ಸಾಲಾಗಿ ನೀಲಿ ದೀಪಗಳು, ನಡುವೆ ಒಂದು ಬಿಳಿ ದೀಪ. ಎರಡು ಬಣ್ಣಕ್ಕೂ ಬೇರೆ ಬೇರೆ ಗುಂಡಿ; ಬಿಳಿಯನ್ನು ಸಣ್ಣಗೇ ಇಟ್ಟಿದ್ದರು. ನೀಲಿ ಬೆಳಕೇ ಊಟವಾದ ಹವಳ ಹೊಟ್ಟೆ ತುಂಬ ಉಂಡು ಅರಳಿಕೊಂಡಿತ್ತು.

ಒಂದು ಭಾನುವಾರ ಮನೆಗೆ ಬಂದ ಭಾವನವರು, "ಏನು ಗಜಣ್ಣ, ಮೀನುಗಳ ಮನೆಯಲ್ಲಿ ಕರೆಂಟು ಹೋಗಿದೆಯೇ?" ಎಂದರು. ಮಾನದ ಪ್ರಶ್ನೆ. ಶಾನಭಾಗರು ಬಿಳಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು.

"ಸ್ವಾಮಿ, ಸ್ವಲ್ಪ ತಗ್ಗಿ. ಮೈ ಸುಡುತ್ತಿದೆ," ಎಂದಿತು ಹವಳ.

"ಹೊಟ್ಟೆಕಿಚ್ಚಿಗೆ ನನ್ನಲ್ಲಿ ಮದ್ದಿಲ್ಲ," ಎಂದಿತು ಬಿಳಿ ದೀಪ.

ಪಾಚಿಗೆ ಮಾತ್ರ ಹಬ್ಬ. "ಅಣ್ಣಾ, ನೀನಿದ್ದರೆ ನಾವು!" ಎಂದು ಜೈಕಾರ ಹಾಕುತ್ತ ಅದು ಬಂಡೆ ಹತ್ತಿತು, ಹವಳದ ಕುತ್ತಿಗೆಯವರೆಗೂ ಬಂತು. ಇನ್ನಷ್ಟು ಬೆಳೆದರೆ ತಾನುಳಿಯುವುದಿಲ್ಲ ಎಂದು ಹವಳಕ್ಕೆ ಗೊತ್ತಾಯಿತು. ಅಷ್ಟರಲ್ಲಿ ಪಾಚಿ, ಅಣ್ಣನನ್ನು ಹತ್ತಿರದಿಂದ ನೋಡಲೆಂದು ಗಾಜನ್ನೂ ಹತ್ತಿ ದಪ್ಪಗೆ ಕೂತಿತು.

"ರೀ, ಮೀನು ಸಾಕಿದ್ದೀರೋ, ಪಾಲಕ್ ಬೆಳೆದಿದ್ದೀರೋ?" ಎಂದು ಶಾನಭಾಗರ ಹೆಂಡತಿ ಕೇಳಿದರು.

ಶಾನಭಾಗರು ಪಾಚಿ ಕಿತ್ತರು, ಗಾಜು ಉಜ್ಜಿದರು, ಬಿಳಿಯನ್ನು ಮಿಣುಕು ಬೆಳಕಿಗೆ ಇಳಿಸಿದರು. ಹವಳ ಮೆಲ್ಲಗೆ ಅರಳಿತು.

"ಇನ್ನು ನನ್ನನ್ನು ಯಾರು ನೋಡುತ್ತಾರೆ?" ಎಂದು ಬಿಳಿ ದೀಪ ಗೊಣಗಿತು.

"ದೀಪ ಹಚ್ಚುವುದು ದೀಪ ನೋಡಲಿಕ್ಕಲ್ಲ, ಸ್ವಾಮಿ," ಎಂದಿತು ಹವಳ.