ಹಿಂದಕ್ಕೆ ಜಾರಿದ ತಾಯಿ

“ಗುರುಗಳೇ, ನಾಳೆಯಿಂದ ಮಕ್ಕಳಿಗೆ ನೀನೇ ಪಾಠ ಹೇಳು ಅಂದಿರಿ. ದಾರಿ ನನಗೇ ಪೂರ್ತಿ ಕಾಣದಿರುವಾಗ ಇನ್ನೊಬ್ಬರನ್ನು ಹೇಗೆ ಕರೆದುಕೊಂಡು ಹೋಗಲಿ?” ಎಂದು ಶಿಷ್ಯ ಮರುಳಪ್ಪ ಕೇಳಿದ. ಇದು ತನ್ನಿಂದಾಗದು, ಆಶ್ರಮ ಬಿಟ್ಟು ಹೋಗುತ್ತೇನೆ ಎಂದೂ ಅಂದ.

ಗುರುಗಳು ನಕ್ಕರು. ಹೋಗುವವನನ್ನು ಕಟ್ಟಿಹಾಕುವವರು ಇಲ್ಲಿ ಯಾರೂ ಇಲ್ಲ, ಕತೆ ಕೇಳಿ ಆಮೇಲೆ ಹೊರಡು ಎಂದು ಶುರುಮಾಡಿದರು.

ಒಬ್ಬ ತಾಯಿ ಇದ್ದಳಯ್ಯ. ಅವಳಿಗೂ ಅವಳ ಮಗಳಿಗೂ ಸ್ಕೇಟಿಂಗಿನ ಗಾಲಿಬೂಟು ಕಟ್ಟಿಕೊಂಡು ಜಾರುವುದೆಂದರೆ ಪ್ರಾಣ. ಒಂದು ದಿನ ಮಗಳು ಬಿದ್ದಳು. ಮಂಡಿಯ ಗಾಯ ಬೇಗ ಮಾಯಿತು, ಹೆದರಿಕೆ ಹೋಗಲಿಲ್ಲ. ಬೂಟು ಕಂಡರೆ ಅಳು. ಅಮ್ಮ ಎರಡೂ ಕೈ ಹಿಡಿದು, ಎದುರಿಗೇ ಮುಖ ಕೊಟ್ಟುಕೊಂಡು ಬಂದರೆ ಮಾತ್ರ ಬರುತ್ತೇನೆ ಎಂದು ಹಟ ಹಿಡಿದಳು. ಹಾಗೆ ಬರಬೇಕಾದರೆ ತಾಯಿ ಹಿಂದಕ್ಕೆ ಜಾರಬೇಕು. ಅವಳಿಗೋ ಮುಂದಕ್ಕೆ ಹೋಗುವುದೊಂದೇ ಗೊತ್ತು.

ಕಲಿತಳು. ಗೋಡೆಯನ್ನು ಮೆಲ್ಲಗೆ ನೂಕಿ ಹಿಂದೆ ಸರಿದಳು. ಮಂಡಿ ಬಗ್ಗಿಸಿ, ಕಾಲ್ಬೆರಳು ಒಳಕ್ಕೆ ಮಾಡಿ, ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿ ಮತ್ತೆ ಹತ್ತಿರಕ್ಕೆ ತರುವುದನ್ನು ರೂಢಿಸಿಕೊಂಡಳು. ಎಷ್ಟು ಸಲ ಧೊಪ್ಪನೆ ಕುಳಿತಳೋ ಅವಳನ್ನೇ ಕೇಳಬೇಕು. ಹೆಗಲ ಮೇಲಿಂದ ಹಿಂದೆ ನೋಡುತ್ತಲೇ ಇರಬೇಕು ಎಂದು ಕಲಿಸಿದವರು ಹೇಳಿದ್ದರು.

ಒಂದು ಮುಂಜಾನೆ, ಯಾರೂ ಇಲ್ಲದ ಅಂಗಳದಲ್ಲಿ, ಮಗಳ ಕೈ ಹಿಡಿದು ಹೊರಟಳು. ಹಿಂದೆ ನೋಡಲು ತಿರುಗಿದರೆ ಅಮ್ಮನ ಮುಖ ಕಾಣದೆ ಮಗಳು ಕುಸಿಯುತ್ತಾಳೆ. ತಿರುಗದಿದ್ದರೆ ಇಬ್ಬರೂ ಗೋಡೆಗೆ ಬಡಿಯುತ್ತಾರೆ. ಇವತ್ತು ನಿಲ್ಲಿಸಿದರೆ ಮಗು ಇನ್ನೆಂದೂ ಬೂಟು ಮುಟ್ಟುವುದಿಲ್ಲ. ಪಾಪ, ತಾಯಿಗೆ ಕಣ್ಣೀರೇ ಬಂತು.

ಅದನ್ನು ನೋಡಿ ಮಗಳು ಹೇಳಿದಳು: “ನೀನು ನನ್ನನ್ನೇ ನೋಡಮ್ಮ. ಹಿಂದೆ ಏನಿದೆ ಅಂತ ನಾನು ಹೇಳ್ತೀನಿ.”

ತಾಯಿ ತಿರುಗುವುದನ್ನು ಬಿಟ್ಟಳು. ಮಗಳು ಎಡಕ್ಕೆ ಅಂದರೆ ತಾನು ಬಲಕ್ಕೆ ಹೊರಳಬೇಕೆಂದು ತಿಳಿದುಕೊಂಡಳು. ದಾರಿ ಹೇಳುವ ಗಡಿಬಿಡಿಯಲ್ಲಿ ಮಗಳು ತನ್ನ ಕಾಲು ನೋಡಿಕೊಳ್ಳುವುದನ್ನೇ ಮರೆತಳು. ಆಮೇಲೆ ಗಾಲಿಯ ಸದ್ದೂ ಅವರಿಗೆ ಕೇಳಿಸಲಿಲ್ಲ. ಕನಸಿನಲ್ಲಿ ತೇಲುವ ಹಾಗೆ ಇಬ್ಬರೂ ಸುತ್ತುತ್ತಲೇ ಇದ್ದರು, ಬಿಸಿಲು ಬಂದದ್ದೂ ತಿಳಿಯಲಿಲ್ಲ.

ಅದು ತಾಯಿ ಮಗಳ ಮಾತಾಯಿತು, ಗುರುವಿಗೆ ದಾರಿ ಹೇಳುವವರು ಯಾರು ಎಂದು ಮರುಳಪ್ಪ ಗೊಣಗಿದ.

“ಇಷ್ಟು ವರ್ಷ ನೀನು ಪ್ರಶ್ನೆ ಕೇಳದೆ ಇದ್ದಿದ್ದರೆ ನಾನು ಯಾವ ಗೋಡೆಗೆ ಬಡಿದು ಬಿದ್ದಿರುತ್ತಿದ್ದೆನೋ, ಮಾರಾಯ” ಎಂದರು ಗುರುಗಳು.